ಪಾರ್ಶ್ವವಾಯುವಿನ ನಂತರ ಮಾಜಿ ಸೈನಿಕರಾದ ತಂದೆಯವರ ನಡಿಗೆಯ ವ್ಯಾಯಾಮಕ್ಕೆ ಹಾಡು ಹಾಕಬಹುದೇ?

ಮಲಪ್ರಭಾ_ಬೈಲಹೊಂಗಲ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 71 ವರ್ಷ. ಇಪ್ಪತ್ತೆಂಟು ವರ್ಷ ಸೇನೆಯ ತೋಪಖಾನೆಯಲ್ಲಿ ಸೇವೆ ಸಲ್ಲಿಸಿ ಸುಬೇದಾರರಾಗಿ ನಿವೃತ್ತರಾದವರು. ಕೊನೆಯ ವರ್ಷಗಳಲ್ಲಿ ಬೊಫೋರ್ಸ್ ತೋಪುಗಳ ರೆಜಿಮೆಂಟಿನಲ್ಲಿದ್ದರು. ಐದು ತಿಂಗಳ ಹಿಂದೆ ಅವರಿಗೆ ಪಾರ್ಶ್ವವಾಯು ಆಗಿ ಎಡಗೈ ಮತ್ತು ಎಡಗಾಲಿನ ಶಕ್ತಿ ಕುಂದಿತು. ಮಾತು ಮತ್ತು ನೆನಪಿಗೆ ತೊಂದರೆಯಾಗಲಿಲ್ಲ ಎಂಬುದೊಂದೇ ಸಮಾಧಾನ. ಈಗ ಬಲಗೈಯಲ್ಲಿ ನಾಲ್ಕು ಕಾಲಿನ ಊರುಗೋಲು ಹಿಡಿದು, ಪಕ್ಕದಲ್ಲಿ ಯಾರಾದರೂ ನಿಂತರೆ, ಪಡಸಾಲೆಯ ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತಾರೆ.

ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ ನಮ್ಮ ಊರಿನಿಂದ ದೂರವಿರುವುದರಿಂದ ವಾರಕ್ಕೆ ಒಂದು ಸಲ ಮಾತ್ರ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತೇವೆ. ಉಳಿದ ಆರು ದಿನ ಅವರು ಬರೆದುಕೊಟ್ಟ ಹಾಳೆಯನ್ನು ನೋಡಿಕೊಂಡು ಮನೆಯಲ್ಲೇ ಮಾಡಿಸಬೇಕು. ಕುರ್ಚಿಯಿಂದ ಎದ್ದು ಕೂರುವುದು, ನಿಂತಲ್ಲೇ ಮೊಣಕಾಲು ಎತ್ತುವುದು, ಹಿಮ್ಮಡಿ ಎತ್ತುವುದು, ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದು, ಕೊನೆಗೆ ನಡಿಗೆ. ಮೊದಲ ತಿಂಗಳು ತಂದೆಯವರು ಇದನ್ನು ಪರೇಡಿನಂತೆಯೇ ಶಿಸ್ತಿನಿಂದ ಮಾಡಿದರು. ಈಗ ಬೇಸರ ಬಂದಿದೆ. "ಮೂವತ್ತು ವರ್ಷ ಎಣಿಕಿ ಮ್ಯಾಲೆ ನಡದೀನಿ, ಇನ್ನ ಎಣಸಾಕ ಆಗೂದಿಲ್ಲವ್ವ" ಎಂದು ಹೇಳಿ ಅರ್ಧಕ್ಕೇ ಕುಳಿತುಬಿಡುತ್ತಾರೆ.

ಕಳೆದ ಸೋಮವಾರ ಸಂಜೆ ನಡೆದ ಸಂಗತಿಯಿಂದಾಗಿ ಈ ಪ್ರಶ್ನೆ ಕೇಳುತ್ತಿದ್ದೇನೆ. ನಮ್ಮ ಮನೆಯ ಹಿಂದಿನ ಮಠದಲ್ಲಿ ಭಜನೆ ಶುರುವಾಗಿತ್ತು. ಪೇಟಿ, ದಮ್ಮಡಿ, ತಾಳದ ಸದ್ದು ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿತ್ತು. ಅದೇ ಹೊತ್ತಿಗೆ ತಂದೆಯವರು ನಡೆಯುತ್ತಿದ್ದರು. ಸಾಮಾನ್ಯವಾಗಿ ಪಡಸಾಲೆಯ ನಡುಗಂಬದ ಹತ್ತಿರ ನಿಂತು ಸುಧಾರಿಸಿಕೊಳ್ಳುವವರು, ಅಂದು ನಿಲ್ಲದೆ ತುದಿಯವರೆಗೆ ಹೋಗಿ ಬಂದರು. ನೆಲಕ್ಕೆ ಒರೆಸಿಕೊಂಡು ಬರುತ್ತಿದ್ದ ಎಡಗಾಲು ಅಷ್ಟು ಹೊತ್ತು ಕೊಂಚ ಮೇಲೆದ್ದು ಬಂದಂತೆ ನನಗೆ ಕಂಡಿತು. ಭಜನೆಯ ಕೊನೆಯಲ್ಲಿ ವೇಗ ಏರಿದಾಗ ಮಾತ್ರ ತಡವರಿಸಿದರು, ಪಕ್ಕದಲ್ಲಿದ್ದ ತಮ್ಮ ಹಿಡಿದುಕೊಂಡ.

ಇದು ನನ್ನ ಕಣ್ಣಿನ ಭ್ರಮೆಯೋ, ನಿಜವಾಗಿಯೂ ಲಯಕ್ಕೆ ಕಾಲು ಸ್ಪಂದಿಸುತ್ತದೆಯೋ? ಹಾಡು ಹಾಕಿ ವ್ಯಾಯಾಮ ಮಾಡಿಸುವುದಾದರೆ ಯಾವ ಬಗೆಯದು ಹಾಕಬೇಕು? ಸೈನಿಕರಾದ್ದರಿಂದ ಬ್ಯಾಂಡಿನ ಮಾರ್ಚ್ ಸಂಗೀತವೇ ಸರಿ ಎಂದು ತಮ್ಮ ಹೇಳುತ್ತಾನೆ. ಎರಡು ತೊಡಕುಗಳಿವೆ. ತೋಪಿನ ಸದ್ದಿನಿಂದಾಗಿ ತಂದೆಯವರಿಗೆ ಎರಡೂ ಕಿವಿ ಮಂದವಾಗಿವೆ, ಬಲಗಿವಿಗೆ ಶ್ರವಣ ಸಾಧನ ಇದೆ. ಇನ್ನೊಂದು, ನಾನು ಮೊಬೈಲಿನಲ್ಲಿ ಒಂದು ಹಳೆಯ ಹಿಂದಿ ದೇಶಭಕ್ತಿ ಗೀತೆ ಹಾಕಿದಾಗ ಅವರು ಮುಖ ತಿರುಗಿಸಿ "ಅದನ್ನ ಬಂದ್ ಮಾಡು" ಎಂದರು, ಕಾರಣ ಹೇಳಲಿಲ್ಲ.

ಮಾಜಿ_ಸ್ಯಾಪರ್_ಸೋಮವಾರಪೇಟೆ ಅವರ ಉತ್ತರ

ತಂಗಿ, ನಿಮ್ಮದು ಭ್ರಮೆಯಲ್ಲ. ನಾನು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನವನು, ಎಂದರೆ ಸೇನೆಯ ಎಂಜಿನಿಯರ್ ದಳದ ಸೈನಿಕ (ಸ್ಯಾಪರ್). 2001-02ರಲ್ಲಿ ಪಾಕಿಸ್ತಾನದ ಗಡಿಗೆ ಸೇನೆಯನ್ನು ಕಳಿಸಿದ್ದ ಆಪರೇಷನ್ ಪರಾಕ್ರಮದ ಕಾಲದಲ್ಲಿ ಗಡಿಯಲ್ಲಿ ಮೈನ್ ಹೂಳುವ ಕೆಲಸದಲ್ಲಿದ್ದಾಗ ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡೆ. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಕಾಲು ಹಾಕಿಸಿಕೊಂಡು ನಡೆಯಲು ಕಲಿತೆ. 1944ರಿಂದ ಸೈನಿಕರಿಗೆ ಕೈಕಾಲು ಕಟ್ಟಿಕೊಡುತ್ತಿರುವ ಸಂಸ್ಥೆ ಅದು. ಅಲ್ಲಿ ನನಗೆ ಸಂಗೀತವನ್ನು ಯಾರೂ ಹಾಕಲಿಲ್ಲ. ಆದರೆ ಎರಡು ಕಂಬಿಗಳ ನಡುವೆ ನಡೆಯುವಾಗ ಹಿಂದೆ ಮುಂದೆ ಇದ್ದವರೆಲ್ಲ ಫೌಜಿಗಳಾದ್ದರಿಂದ ಯಾರಾದರೊಬ್ಬರು "ಏಕ್ ದೋ ಏಕ್" ಎಂದು ಕೂಗಲು ಶುರು ಮಾಡಿದರೆ ಉಳಿದವರ ಹೆಜ್ಜೆಯೂ ತಾನಾಗಿ ಒಂದಾಗುತ್ತಿತ್ತು.

ಕೃತಕ ಕಾಲಿನವರ ನಡಿಗೆಯಲ್ಲಿ ಒಂದು ಕುಂಟು ಉಳಿದುಬಿಡುತ್ತದೆ. ಆ ಕಾಲಿನ ಮೇಲೆ ನಂಬಿಕೆ ಇಲ್ಲದ್ದರಿಂದ ಅದರ ಮೇಲೆ ಅರೆಗಳಿಗೆ ನಿಂತು, ಒಳ್ಳೆಯ ಕಾಲಿಗೆ ಬೇಗ ಹಾರಿಬಿಡುತ್ತೇವೆ. ಸದ್ದು ಕೇಳಿದರೇ ಗೊತ್ತಾಗುತ್ತದೆ: ಟಕ್‌-ಟಕ್, ಬಿಡುವು, ಟಕ್‌-ಟಕ್, ಬಿಡುವು. ಸಮನಾದ ತಾಳವೊಂದು ಕಿವಿಗೆ ಬೀಳುತ್ತಿದ್ದರೆ ಆ ಬಿಡುವು ಸರಿಹೋಗುತ್ತದೆ. ಊರಿಗೆ ಬಂದ ಮೇಲೆ ನಾನು ನಮ್ಮ ವಾಲಗದ ಧ್ವನಿಮುದ್ರಣ ಹಾಕಿಕೊಂಡು ಕಾಫಿ ಒಣಗಿಸುವ ಕಣದಲ್ಲಿ ಸುತ್ತು ಹೊಡೆಯುತ್ತಿದ್ದೆ. ಮದುವೆಯಲ್ಲಿ ವಾಲಗ ಬಾರಿಸುವಾಗ ಕೊಡಗಿನವನಾಗಿ ಸುಮ್ಮನೆ ಕುಳಿತಿರುವುದು ನನಗೆ ಕಾಲು ಹೋದದ್ದಕ್ಕಿಂತ ದೊಡ್ಡ ಅವಮಾನವಾಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ನಿಮ್ಮ ತಮ್ಮನವರಿಗೆ ಒಂದು ಎಚ್ಚರಿಕೆ. ಮಾರ್ಚ್ ಸಂಗೀತದ ತಪ್ಪನ್ನು ನಾನೂ ಮಾಡಿದ್ದೇನೆ. ತೇಜ್ ಚಲ್ (ಪರೇಡಿನ ವೇಗದ ನಡಿಗೆ) ಅಂದರೆ ನಿಮಿಷಕ್ಕೆ ಸುಮಾರು 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ಅದು ಇಪ್ಪತ್ತು ವರ್ಷದ ಹುಡುಗನ ಕಾಲಿಗೆ ಹೊಂದಿಸಿದ ಲೆಕ್ಕ. ಬ್ಯಾಂಡ್ ಹಾಕಿಕೊಂಡ ದಿನ ನನಗೆ ಹುಮ್ಮಸ್ಸು ಏರಿ ನಲವತ್ತು ನಿಮಿಷ ನಡೆದೆ. ಒಳಗೆ ಸಾಕೆಟ್ (ಮೊಂಡುಗಾಲು ಕೂರುವ ಕೃತಕ ಕಾಲಿನ ಬಟ್ಟಲು) ಉಜ್ಜುತ್ತಿರುವುದು ಗೊತ್ತೇ ಆಗಲಿಲ್ಲ. ಕಾಲು ಬಿಚ್ಚಿದಾಗ ಮೊಂಡಿಗೆ ಹಾಕಿದ ಕಾಲುಚೀಲಕ್ಕೆ ರಕ್ತ ಅಂಟಿತ್ತು. ಹುಣ್ಣು ಮಾಯಲು ಮೂರು ವಾರ ಹಿಡಿಯಿತು, ಮೂರು ವಾರವೂ ಮತ್ತೆ ಊರುಗೋಲು. ನೋವನ್ನು ನುಂಗುವುದನ್ನೇ ನಮಗೆ ಕಲಿಸಿದ್ದಾರೆ. ಅದರ ಮೇಲೆ ಸಂಗೀತವೂ ನೋವನ್ನು ಮರೆಸಿದರೆ ನಮ್ಮನ್ನು ತಡೆಯುವವರು ಯಾರೂ ಇರುವುದಿಲ್ಲ. ಸುಬೇದಾರ್ ಸಾಹೇಬರು "ನೋವಿಲ್ಲ" ಎಂದರೆ ಒಂದೇ ಮಾತಿಗೆ ನಂಬಬೇಡಿ.

ಆ ದೇಶಭಕ್ತಿ ಗೀತೆಯನ್ನು ಮತ್ತೆ ಹಾಕಬೇಡಿ. ಕಾರಣವನ್ನೂ ಕೇಳಬೇಡಿ.

ಫಿಸಿಯೋ_ಮೈಸೂರು ಅವರ ಉತ್ತರ

ನಾನು ನರಸಂಬಂಧಿ ಪುನಶ್ಚೇತನ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿರುವ ಫಿಸಿಯೋಥೆರಪಿಸ್ಟ್. ತಂದೆಯವರನ್ನು ಕಣ್ಣಾರೆ ನೋಡದೆ ಹೇಳುತ್ತಿರುವುದರಿಂದ, ಇಲ್ಲಿ ಬರೆದದ್ದನ್ನು ನಿಮ್ಮ ಪಾಲಿಕ್ಲಿನಿಕ್ಕಿನ ಫಿಸಿಯೋಗೆ ತೋರಿಸಿ ಅವರ ಒಪ್ಪಿಗೆ ಪಡೆದ ಮೇಲೆಯೇ ಮುಂದುವರಿಯಿರಿ.

ನೀವು ಕಂಡದ್ದಕ್ಕೆ ವೈದ್ಯಕೀಯದಲ್ಲಿ ಹೆಸರೇ ಇದೆ, ರಿದಮಿಕ್ ಆಡಿಟರಿ ಸ್ಟಿಮ್ಯುಲೇಶನ್, ಎಂದರೆ ಕಿವಿಗೆ ಬೀಳುವ ಲಯದಿಂದ ಚಲನೆಗೆ ಪ್ರಚೋದನೆ. ಅಮೆರಿಕದ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಥೌಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದರು. 1996ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಪಾರ್ಕಿನ್ಸನ್ ರೋಗಿಗಳು ಮೂರು ವಾರ ಮನೆಯಲ್ಲೇ ಲಯಕ್ಕೆ ತಕ್ಕಂತೆ ನಡೆಯುವ ಅಭ್ಯಾಸ ಮಾಡಿದಾಗ ನಡಿಗೆಯ ವೇಗ ಸುಮಾರು ಶೇಕಡ 25ರಷ್ಟು ಹೆಚ್ಚಿತ್ತು. ಮರುವರ್ಷ ಪಾರ್ಶ್ವವಾಯು ರೋಗಿಗಳ ಮೇಲಿನ ಅವರ ಅಧ್ಯಯನವೂ ಬಂತು. ಮಿದುಳಿಗೆ ಪೆಟ್ಟಾದವರಿಗೆ ಸಂಗೀತದ ಬಳಕೆ ಕುರಿತು 2017ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆ ಮಾಡಿದ ಪರಾಮರ್ಶೆಯಲ್ಲಿ 29 ಪ್ರಯೋಗಗಳ 775 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಲಾಗಿತ್ತು. ಪಾರ್ಶ್ವವಾಯುವಿನ ನಂತರದ ನಡಿಗೆಗೆ ಲಯ ಉಪಯುಕ್ತವಾಗಬಹುದು ಎಂಬುದು ಅದರ ತೀರ್ಮಾನ. "ಆಗಬಹುದು" ಎಂಬ ಪದವನ್ನು ಗಮನಿಸಿ. ವ್ಯಾಯಾಮದ ಬದಲಿಗೆ ಸಂಗೀತವಲ್ಲ, ವ್ಯಾಯಾಮದ ಜೊತೆಗೆ ಸಂಗೀತ.

ಹೀಗೇಕಾಗುತ್ತದೆ ಎಂದರೆ, ಸಮನಾದ ತಾಳ ಕೇಳುತ್ತಿರುವಾಗ ಮಿದುಳು ಮುಂದಿನ ಪೆಟ್ಟು ಯಾವಾಗ ಬೀಳುತ್ತದೆ ಎಂಬುದನ್ನು ಮೊದಲೇ ಅಂದಾಜು ಮಾಡಿರುತ್ತದೆ, ಅದರಿಂದ ಕಾಲಿನ ಸ್ನಾಯುಗಳಿಗೆ ಸಿದ್ಧವಾಗಲು ಹೊತ್ತು ಸಿಗುತ್ತದೆ. ಭಜನೆಯ ವೇಗ ಏರಿದಾಗ ತಂದೆಯವರು ತಡವರಿಸಿದ್ದೂ ಇದೇ ಕಾರಣಕ್ಕೆ. ಕಾಲು ಪೆಟ್ಟಿಗೆ ಕಾದಿತ್ತು, ಪೆಟ್ಟು ಮೊದಲೇ ಬಂತು.

ಆದ್ದರಿಂದ ಹಾಡನ್ನು ಆರಿಸುವ ಮೊದಲು ಹೆಜ್ಜೆಯನ್ನು ಎಣಿಸಿ. ಸಂಗೀತವಿಲ್ಲದೆ, ಅವರಿಗೆ ಅನುಕೂಲವಾದ ವೇಗದಲ್ಲಿ ನಡೆಯುವಾಗ ಒಂದು ನಿಮಿಷಕ್ಕೆ ಎರಡೂ ಕಾಲು ಸೇರಿ ಎಷ್ಟು ಹೆಜ್ಜೆ ಎಂದು ಮೂರು ದಿನ ಬರೆದಿಟ್ಟುಕೊಳ್ಳಿ. 54 ಬಂತು ಎನ್ನೋಣ. ಆಗ ನಿಮಿಷಕ್ಕೆ 54 ಪೆಟ್ಟಿನ ಲಯ ಬೇಕು, ಅಥವಾ 108 ಪೆಟ್ಟಿನ ಹಾಡಿಗೆ ಎರಡು ಪೆಟ್ಟಿಗೊಂದು ಹೆಜ್ಜೆ. ಮೊಬೈಲಿನಲ್ಲಿ ಮೆಟ್ರೊನೋಮ್ (ಸಮನಾಗಿ ಟಿಕ್‌ಟಿಕ್ ಎಂದು ಲಯ ಹಿಡಿಯುವ) ಆ್ಯಪ್ ಉಚಿತವಾಗಿ ಸಿಗುತ್ತದೆ, ಅದರಿಂದ ಹಾಡಿನ ವೇಗವನ್ನು ತಾಳೆ ನೋಡಬಹುದು. ಮೊದಲ ವಾರವೆಲ್ಲ ಅವರ ಸಹಜ ವೇಗದಲ್ಲೇ ಇರಲಿ. ಹೆಜ್ಜೆ ತಾಳಕ್ಕೆ ಸಲೀಸಾಗಿ ಕೂಡಿಕೊಂಡ ಮೇಲೆ ಶೇಕಡ 5ರಷ್ಟು, ಎಂದರೆ 57ಕ್ಕೆ ಏರಿಸಿ. ಎಡಪಾದ ಮತ್ತೆ ನೆಲ ಒರೆಸತೊಡಗಿದರೆ, ಇಲ್ಲವೇ ಎಡಮೊಣಕಾಲು ಹಿಂದಕ್ಕೆ ಸೆಟೆದುಕೊಂಡರೆ, ವೇಗ ಹೆಚ್ಚಾಯಿತೆಂದು ತಿಳಿದು ಹಿಂದಿನದಕ್ಕೆ ಬನ್ನಿ. ಸೇನೆಯ ಧೀರೇ ಚಲ್ (ನಿಧಾನ ನಡಿಗೆ) ಕೂಡ ನಿಮಿಷಕ್ಕೆ ಸುಮಾರು 70 ಹೆಜ್ಜೆ. ತಂದೆಯವರಿಗೆ ಸದ್ಯಕ್ಕೆ ಅದೂ ಹೆಚ್ಚೇ.

ಎರಡು ನಿಮಿಷ ಸಂಗೀತದೊಂದಿಗೆ ನಡೆದ ಮೇಲೆ ಒಂದು ನಿಮಿಷ ಸಂಗೀತ ನಿಲ್ಲಿಸಿ ನಡೆಸಿ. ನಾಳೆ ಅವರು ಅಂಗಳಕ್ಕೆ, ಮಠಕ್ಕೆ ಹೋಗುವಾಗ ದಮ್ಮಡಿ ಹಿಂದೆ ಬರುವುದಿಲ್ಲವಲ್ಲ. ಲಯ ಒಳಗೆ ಉಳಿದಿದೆಯೇ ಎಂಬುದು ಮೌನದಲ್ಲೇ ಗೊತ್ತಾಗಬೇಕು.

ಹಾಳೆಯಲ್ಲಿರುವ ಎಲ್ಲ ವ್ಯಾಯಾಮಕ್ಕೂ ಹಾಡು ಬೇಡ. ನಡಿಗೆ, ನಿಂತಲ್ಲೇ ಮೊಣಕಾಲು ಎತ್ತುವುದು, ಕುರ್ಚಿಯಿಂದ ಏಳುವುದು ಇವು ಮರುಕಳಿಸುವ ಚಲನೆಗಳು, ಇವಕ್ಕೆ ತಾಳ ಹೊಂದುತ್ತದೆ. ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಸಮತೋಲನದ ವ್ಯಾಯಾಮದಲ್ಲಿ ಗಮನವೆಲ್ಲ ಪಾದದ ಮೇಲೇ ಇರಬೇಕು, ಅಲ್ಲಿ ಮನೆ ನಿಶ್ಶಬ್ದವಾಗಿರಲಿ. ಹೊಸ ವ್ಯಾಯಾಮ ಕಲಿಸುವ ದಿನವೂ ಹಾಗೆಯೇ. ಬಿಗಿದ ಎಡಗೈಯನ್ನು ನಿಧಾನವಾಗಿ ಸಡಿಲಿಸುವಾಗ ಹಿನ್ನೆಲೆಯಲ್ಲಿ ತಾಳವಿಲ್ಲದ ಆಲಾಪ ಇದ್ದರೆ ತೊಂದರೆಯಿಲ್ಲ, ಪೆಟ್ಟು ಮಾತ್ರ ಬೇಡ.

ಇನ್ನು ಕಿವಿಯ ವಿಷಯ. ಸ್ಫೋಟದ ಸದ್ದಿನಿಂದ ಕೆಡುವುದು ಮೊದಲು ಕೀಚು ಸ್ವರಗಳನ್ನು ಕೇಳುವ ಶಕ್ತಿ. ತಾಳದ ಕಿಣಿಕಿಣಿ, ಮೆಟ್ರೊನೋಮಿನ ಟಿಕ್‌ಟಿಕ್ ಅವರಿಗೆ ಮಸುಕಾಗಿ ಕೇಳಬಹುದು. ಡಗ್ಗ (ತಬಲಾ ಜೋಡಿಯ ದೊಡ್ಡದು), ಢೋಲಕ್, ಡೊಳ್ಳಿನಂಥ ತಗ್ಗಿನ ನಾದ ಚೆನ್ನಾಗಿ ಕೇಳುತ್ತದೆ. ಶ್ರವಣ ಸಾಧನಗಳನ್ನು ಮುಖ್ಯವಾಗಿ ಮಾತಿಗಾಗಿ ಹೊಂದಿಸಿರುತ್ತಾರೆ, ಕೊಳಲಿನಂಥ ಉದ್ದದ ಸ್ವರವನ್ನು ಕೆಲವು ಸಾಧನಗಳು ಸಿಳ್ಳೆಯೆಂದು ತಪ್ಪು ತಿಳಿದು ಅಡಗಿಸಲು ನೋಡುತ್ತವೆ. ಕೇಳುವುದಿಲ್ಲವೆಂದು ಹೆಡ್‌ಫೋನ್ ಹಾಕಿ ಸದ್ದು ಏರಿಸಬೇಡಿ. ಅಳಿದುಳಿದ ಶ್ರವಣಕ್ಕೂ ಹಾನಿ, ನೀವು "ಜೋಪಾನ" ಎಂದದ್ದೂ ಕೇಳಿಸದು. ಒಂದು ಸ್ಪೀಕರನ್ನು ಪಡಸಾಲೆಯ ತುದಿಯಲ್ಲಿ ಎದೆಯ ಎತ್ತರಕ್ಕೆ ಇಟ್ಟರೆ ನೋಟವೂ ನೆಲದಿಂದ ಮೇಲೆದ್ದು ಬರುತ್ತದೆ.

ಸ್ಯಾಪರ್ ಅವರು ಹೇಳಿದ ಹುಣ್ಣಿನ ಸಂಗತಿ ನಾನು ಹೇಳಬೇಕೆಂದಿದ್ದ ಎಲ್ಲಕ್ಕಿಂತ ಮುಖ್ಯ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಗಿಯೊರ್ಗಿಸ್ ಅವರ ಸಂಶೋಧನೆಗಳ ಪ್ರಕಾರ, ಹಗುರ ಮತ್ತು ಮಧ್ಯಮ ಶ್ರಮದಲ್ಲಿ ಸಂಗೀತ ದಣಿವಿನ ಅನುಭವವನ್ನು ತಗ್ಗಿಸುತ್ತದೆ, ಶ್ರಮ ತೀವ್ರವಾದಂತೆ ಆ ಪರಿಣಾಮ ಕರಗುತ್ತದೆ. ನಮ್ಮ ರೋಗಿಗಳು ಇರುವುದು ಮೊದಲಿನ ವಲಯದಲ್ಲಿ, ಎಂದರೆ ದಣಿವು ಮರೆಯಾಗುವ ವಲಯದಲ್ಲೇ. ಆದ್ದರಿಂದ ಸಮಯವನ್ನು ಗಡಿಯಾರ ನಿರ್ಧರಿಸಲಿ, ಹಾಡಲ್ಲ. "ನೋವಿದೆಯೇ" ಎಂದು ಕೇಳುವ ಬದಲು "ಹತ್ತಕ್ಕೆ ಎಷ್ಟು" ಎಂದು ಕೇಳಿ. ಹೌದು, ಇಲ್ಲ ಎಂಬ ಪ್ರಶ್ನೆಗೆ ಸೈನಿಕರು ಸದಾ ಇಲ್ಲ ಎನ್ನುತ್ತಾರೆ, ಅಂಕಿ ಕೇಳಿದರೆ ಮಾತ್ರ ವರದಿ ಒಪ್ಪಿಸುವವರಂತೆ ನಿಜ ಹೇಳುತ್ತಾರೆ. ತಲೆಸುತ್ತು, ಎದೆನೋವು, ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಿ. ಹುಮ್ಮಸ್ಸಿನಲ್ಲಿ ಯಾರೂ ಅವರ ಎಡಗೈ ಹಿಡಿದು ಎಳೆಯಬಾರದು, ಭುಜದ ಕೀಲು ಸಡಿಲವಾಗಿರುತ್ತದೆ. ಆಸರೆ ಕೊಡುವುದಾದರೆ ಸೊಂಟಕ್ಕೆ ಪಟ್ಟಿ ಕಟ್ಟಿ ಹಿಡಿಯಿರಿ.

ನಿವೃತ್ತ_ಹವಾಲ್ದಾರ್_ವಿಜಯಪುರ ಅವರ ಉತ್ತರ

ಇದಕ್ಕೆಲ್ಲ ಸಂಗೀತವೇ ಬೇಕೆಂದೇನಿಲ್ಲ. ಗಟ್ಟಿಯಾಗಿ ಎಣಿಸಿದರೆ ಸಾಕು, ನಾನು ಮಂಡಿ ಬದಲಿಸಿಕೊಂಡ ಮೇಲೆ ಎಣಿಸಿಯೇ ಸರಿಹೋದೆ. ಮೊದಲು ಒಬ್ಬರು ಇಂಥ ರಾಗಕ್ಕೆ ಇಂಥ ರೋಗ ವಾಸಿ ಎಂದು ಹೇಳಿ ₹6,000 ಪಡೆದು ಒಂದು ಪೆನ್‌ಡ್ರೈವ್ ಕೊಟ್ಟಿದ್ದರು. ಮಂಡಿಯ ಬಾವು ಇಳಿಯಲಿಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬಂತು. ಅಂಥವರಿಂದ ದೂರವಿರಿ ಎಂದು ಹೇಳುವುದಕ್ಕಷ್ಟೇ ಬರೆದೆ.

ಫಿಸಿಯೋ_ಮೈಸೂರು

ಹವಾಲ್ದಾರರೇ, ಗಟ್ಟಿಯಾಗಿ ಎಣಿಸುವುದೂ ಲಯವೇ. ಅದರಲ್ಲಿ ಇನ್ನೊಂದು ಲಾಭವಿದೆ: ಎಣಿಸುವವರು ಉಸಿರು ಕಟ್ಟಿ ಹಿಡಿಯಲಾರರು, ರಕ್ತದೊತ್ತಡ ಇರುವವರಿಗೆ ಅದು ಒಳ್ಳೆಯದು. ಇವರ ತಂದೆಯವರಿಗೆ ಎಣಿಕೆಯೇ ಬೇಸರ ತಂದಿರುವುದರಿಂದ ಬೇರೆ ದಾರಿ ಹುಡುಕುತ್ತಿದ್ದೇವೆ, ಅಷ್ಟೆ. ರಾಗದ ಬಗ್ಗೆ ನಿಮ್ಮ ಮಾತಿಗೆ ನನ್ನ ಸಹಮತವಿದೆ. ಇಲ್ಲಿ ಕೆಲಸ ಮಾಡುವುದು ಲಯ.

ಯುದ್ಧದಿಂದ ಮರಳಿದ ಸೈನಿಕರಿಗೂ ಈ ವಿದ್ಯೆಗೂ ಹಳೆಯ ನಂಟಿದೆ ಎಂಬುದು ನಿಮಗೆ ಹಿಡಿಸಬಹುದು. ಎರಡನೆಯ ಮಹಾಯುದ್ಧದ ಗಾಯಾಳುಗಳಿಂದ ತುಂಬಿದ್ದ ಅಮೆರಿಕದ ಸೇನಾ ಆಸ್ಪತ್ರೆಗಳಿಗೆ ಸಂಗೀತಗಾರರು ನುಡಿಸಲು ಹೋಗುತ್ತಿದ್ದರು. 1945ರಲ್ಲಿ ಅಲ್ಲಿನ ಯುದ್ಧ ಇಲಾಖೆ ಸೈನಿಕರ ಪುನಶ್ಚೇತನದಲ್ಲಿ ಸಂಗೀತದ ಬಳಕೆಯ ಬಗ್ಗೆ ಕೈಪಿಡಿಯನ್ನೇ ಹೊರಡಿಸಿತು. ನುಡಿಸಲು ಬಂದರೆ ಸಾಲದು, ತರಬೇತಿ ಬೇಕು ಎಂದು ಮನವರಿಕೆಯಾಗಿ ಮಿಷಿಗನ್ ಸ್ಟೇಟ್‌ನಲ್ಲಿ 1944ರಲ್ಲಿ ಪದವಿ ಶಿಕ್ಷಣ ಶುರುವಾಯಿತು, 1950ರಲ್ಲಿ ಸಂಗೀತ ಚಿಕಿತ್ಸಕರ ರಾಷ್ಟ್ರೀಯ ಸಂಘ ಹುಟ್ಟಿತು. ಪೆನ್‌ಡ್ರೈವ್ ಮಾರುವವರ ಕೈಗೆ ಇದು ಸಿಕ್ಕಿದ್ದು ಬಹಳ ಆಮೇಲೆ.

ತಬಲಾ_ಧಾರವಾಡ ಅವರ ಉತ್ತರ

ವೈದ್ಯಕೀಯ ನನಗೆ ತಿಳಿಯದು, ಮಕ್ಕಳಿಗೆ ತಬಲಾ ಕಲಿಸುತ್ತೇನೆ. ತಾಳದ ಆಯ್ಕೆಯ ಬಗ್ಗೆ ಮಾತ್ರ ಒಂದೆರಡು ಮಾತು.

ಮನುಷ್ಯನಿಗೆ ಕಾಲು ಎರಡು. ಆದ್ದರಿಂದ ತಾಳದ ಆವರ್ತನ (ಒಂದು ಪೂರ್ತಿ ಸುತ್ತು) ಸಮಸಂಖ್ಯೆಯದಾಗಿರಬೇಕು. ಭಜನೆಯಲ್ಲಿ ಸಾಮಾನ್ಯವಾಗಿ ಬರುವ ಕೆಹರ್ವಾ ತಾಳದಲ್ಲಿ ಎಂಟು ಮಾತ್ರೆ, ಎಂದರೆ ಎಂಟು ಎಣಿಕೆ. ಒತ್ತು ಪ್ರತಿ ಸಲವೂ ಅದೇ ಕಾಲಿಗೆ ಬೀಳುತ್ತದೆ. ಒತ್ತನ್ನು ಎಡಗಾಲಿಗೆ ಹೊಂದಿಸಿಕೊಂಡರೆ, ದುರ್ಬಲ ಕಾಲಿಗೆ ಪ್ರತಿ ಸಲ ಒಂದು ಕರೆ ಬಂದಂತಾಗುತ್ತದೆ. ಏಳು ಮಾತ್ರೆಯ ರೂಪಕ್, ಐದರ ಖಂಡಚಾಪು ಇವುಗಳಲ್ಲಿ ಒತ್ತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತದೆ, ನಡುವಿನ ಅಂತರವೂ ಸಮನಲ್ಲ. ಕೇಳಲು ಸೊಗಸು, ಊರುಗೋಲು ಹಿಡಿದವರಿಗೆ ಕಷ್ಟ. ದಾದ್ರಾದಲ್ಲಿ ಆರು ಮಾತ್ರೆ, ಮೂರು ಮೂರರ ಎರಡು ಭಾಗ. ಒಂದನೆಯದಕ್ಕೆ ಒಂದು ಕಾಲು, ನಾಲ್ಕನೆಯದಕ್ಕೆ ಇನ್ನೊಂದು ಎಂದು ಹಿಡಿದರೆ ತೂಗಿ ತೂಗಿ ನಡೆಯಬಹುದು. ಸೋಮವಾರಪೇಟೆಯವರ ವಾಲಗದ ನಡೆಯೂ ಇದೇ ಜಾತಿಯದು. ಪಾದವನ್ನು ಎತ್ತಲು ಅದರಲ್ಲಿ ಬಿಡುವು ಹೆಚ್ಚು ಸಿಗುತ್ತದೆ ಎಂಬುದು ನನ್ನ ಅನಿಸಿಕೆ; ಫಿಸಿಯೋ ಅವರು ಬೇಡವೆಂದರೆ ಬಿಟ್ಟುಬಿಡಿ.

ನಮ್ಮ ಭಜನೆಗಳ ಒಂದು ಗುಣ ಇಲ್ಲಿ ದೋಷವಾಗುತ್ತದೆ. ವಿಲಂಬದಲ್ಲಿ (ನಿಧಾನ ಲಯದಲ್ಲಿ) ಶುರುವಾದ ಪದ ಕೊನೆಗೆ ದುಗುನ್ (ಇಮ್ಮಡಿ ವೇಗ) ಆಗಲೇಬೇಕು, ಆಗದಿದ್ದರೆ ಭಜನೆ ಆದಂತೆ ಯಾರಿಗೂ ಅನಿಸುವುದಿಲ್ಲ. ಆದ್ದರಿಂದ ಸಿಕ್ಕ ಧ್ವನಿಮುದ್ರಣ ಹಾಕುವ ಬದಲು ಮಠದ ದಮ್ಮಡಿಯವರನ್ನೇ ಮನೆಗೆ ಕರೆಯಿರಿ. ಅವರ ಕಿವಿಗೆ ಮೆಟ್ರೊನೋಮ್ ಕೊಟ್ಟು, ಒಬ್ಬರಿಗೆ ಡಗ್ಗ ಕೊಟ್ಟು, ಹತ್ತು ನಿಮಿಷ ಒಂದೇ ಲಯದಲ್ಲಿ ನುಡಿಸಿ ಎಂದು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಅವರಿಗೆ ಇದು ಸುಲಭವೆಂದು ತಿಳಿಯಬೇಡಿ. ನಿಮಿಷಕ್ಕೆ 54ರಲ್ಲಿ ಓಡದೆ ನಿಲ್ಲುವುದು ಒಳ್ಳೊಳ್ಳೆಯ ವಾದಕರಿಗೂ ಪರೀಕ್ಷೆಯೇ.

ಮಲಪ್ರಭಾ_ಬೈಲಹೊಂಗಲ, ಐದು ವಾರಗಳ ನಂತರ

ಎಲ್ಲರಿಗೂ ಉತ್ತರಿಸಲು ತಡವಾಯಿತು, ಕ್ಷಮೆಯಿರಲಿ. ನೀವು ಬರೆದದ್ದನ್ನೆಲ್ಲ ಮುದ್ರಿಸಿಕೊಂಡು ಪಾಲಿಕ್ಲಿನಿಕ್ಕಿಗೆ ಒಯ್ದಿದ್ದೆ. ಅಲ್ಲಿನ ಫಿಸಿಯೋ ಓದಿ, ಒಂದು ವಾರ ಅವರೆದುರೇ ಪ್ರಯತ್ನಿಸಿ ಆಮೇಲೆ ಮನೆಯಲ್ಲಿ ಮಾಡಲು ಒಪ್ಪಿದರು.

ಮೂರು ದಿನ ಎಣಿಸಿದಾಗ ತಂದೆಯವರ ಹೆಜ್ಜೆ ನಿಮಿಷಕ್ಕೆ 50, 53, 51 ಬಂತು. ಮಠದ ದಮ್ಮಡಿಯ ಕಾಕಾ ಅವರು ಇನ್ನೊಬ್ಬರನ್ನು ಡಗ್ಗಕ್ಕೆ ಕರೆದುಕೊಂಡು ಮನೆಗೇ ಬಂದರು. 52ಕ್ಕೆ ಹೊಂದಿಸಿ ನುಡಿಸಲು ಮೂರು ಸಲ ಪ್ರಯತ್ನಿಸಬೇಕಾಯಿತು. ತಬಲಾ ಮಾಸ್ತರರು ಹೇಳಿದಂತೆ ಎರಡನೆಯ ನಿಮಿಷಕ್ಕೇ ಕೈ ಓಡುತ್ತಿತ್ತು. ಮೂರನೆಯ ಸಲದ ಮುದ್ರಣದಲ್ಲಿ ನಡುವೆ ಒಂದು ಕಡೆ ಕಾಕಾ ಕೆಮ್ಮಿ "ನಡೀರಿ ಸಾಹೇಬ್ರ, ನಿಂತ್ರ ನಂದೂ ನಿಲ್ಲತೈತಿ" ಎಂದಿದ್ದಾರೆ. ಅದನ್ನು ಅಳಿಸಲು ತಂದೆಯವರು ಬಿಡಲಿಲ್ಲ, ದಿನವೂ ಆ ಜಾಗ ಬಂದಾಗ ನಗುತ್ತಾರೆ.

ಈಗ 58ಕ್ಕೆ ಬಂದಿದ್ದೇವೆ. ಸಂಗೀತ ನಿಲ್ಲಿಸಿದಾಗ 55ರ ಆಸುಪಾಸಿನಲ್ಲಿ ನಡೆಯುತ್ತಾರೆ, ನಡುಗಂಬದ ಹತ್ತಿರ ನಿಲ್ಲುವುದಿಲ್ಲ. ಒಮ್ಮೆ 61ಕ್ಕೆ ಏರಿಸಿದೆವು, ಪಾದ ಮತ್ತೆ ಒರೆಸಿತು, ಇಳಿಸಿದೆವು. "ಹತ್ತಕ್ಕೆ ಎಷ್ಟು" ಎಂಬ ಪ್ರಶ್ನೆ ನಿಜಕ್ಕೂ ಫಲ ಕೊಟ್ಟಿತು: ಮೊದಲ ದಿನವೇ "ಸೊಂಟ ನಾಲ್ಕು, ಮೊಣಕಾಲು ಆರು" ಎಂದರು. ಮೊಣಕಾಲು ನೋಯುತ್ತಿದೆ ಎಂಬುದು ಐದು ತಿಂಗಳಲ್ಲಿ ನಮಗೆ ಗೊತ್ತೇ ಇರಲಿಲ್ಲ. ಅದನ್ನು ವೈದ್ಯರಿಗೆ ತೋರಿಸಿದ್ದೇವೆ.

ಆ ಹಾಡಿನ ಕಾರಣವನ್ನು ನಾನು ಕೇಳಲಿಲ್ಲ. ಹೋದ ವಾರ ಅವರೇ ಹೇಳಿದರು, ಲಾರಿಯಲ್ಲಿ ಕಾರ್ಗಿಲ್‌ನ ದ್ರಾಸ್ ಕಡೆಗೆ ಹೋಗುವಾಗ ಅದನ್ನು ಹಾಡುತ್ತಿದ್ದವನೊಬ್ಬ ಇದ್ದನಂತೆ. ಅಷ್ಟೇ ಹೇಳಿ ಕಾಲಿಗೆ ಪಟ್ಟಿ ಕಟ್ಟು ಎಂದರು.

ಒಂದು ತೊಂದರೆ ಮಾತ್ರ ಉಳಿದಿದೆ. ಪಡಸಾಲೆಯ ತುದಿಯಲ್ಲಿ ತಿರುಗುವಾಗ ತಾಳವನ್ನು ಬಿಡದೆ ತಿರುಗಲು ಹೋಗಿ ಎರಡು ಸಲ ವಾಲಿದರು. ಸೊಂಟದ ಪಟ್ಟಿ ಇದ್ದುದರಿಂದ ಬೀಳಲಿಲ್ಲ. ಇದಕ್ಕೆ ಏನು ಮಾಡಬೇಕು?

ಫಿಸಿಯೋ_ಮೈಸೂರು

ತಿರುವಿನಲ್ಲಿ ತಾಳ ಬೇಡ. ಈ ತುದಿಯಿಂದ ಆ ತುದಿಗೆ ಎಷ್ಟು ಹೆಜ್ಜೆಯಾಗುತ್ತದೆ ಎಂದು ಎಣಿಸಿ. 16 ಆದರೆ, 16 ಪೆಟ್ಟು ನುಡಿಸಿ ನಿಲ್ಲಿಸಿ, ತಿರುಗುವಷ್ಟು ಹೊತ್ತು ಪೇಟಿಯ ಶ್ರುತಿ ಮಾತ್ರ ಇರಲಿ, ಮತ್ತೆ 16 ಎಂದು ಹೊಸದಾಗಿ ಮುದ್ರಿಸಿಕೊಳ್ಳಿ. ತಿರುಗಲು ಒಂದೇ ನಿಗದಿತ ಸಮಯವನ್ನು ಇಡಬೇಡಿ, ಪಕ್ಕದಲ್ಲಿರುವವರು ಮೊಬೈಲನ್ನು ನಿಲ್ಲಿಸಿ ಹಚ್ಚುವುದು ಇನ್ನೂ ಒಳ್ಳೆಯದು. ನಿಂತಲ್ಲೇ ಗಿರಕಿ ಹೊಡೆಯದೆ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಅಗಲವಾಗಿ ಸುತ್ತಿ ಬರಲಿ.

ಮಾಜಿ_ಸ್ಯಾಪರ್_ಸೋಮವಾರಪೇಟೆ

ತಂಗಿ, ಒಂದು ಸಂಶಯ. ಸುಬೇದಾರ್ ಸಾಹೇಬರು ತುದಿಯಲ್ಲಿ ತಿರುಗುವಾಗ ಪಾದಗಳನ್ನು ನೋಡಿ. ಬಲಗಾಲಿನ ಹಿಮ್ಮಡಿ ಮತ್ತು ಎಡಗಾಲಿನ ಬೆರಳುಗಳ ಮೇಲೆ ತಿರುಗುತ್ತಿದ್ದಾರೆಯೇ? ಹಾಗಿದ್ದರೆ ಅದು ಪೀಛೇ ಮುಡ್ (ಪರೇಡಿನಲ್ಲಿ ಹಿಂದಕ್ಕೆ ತಿರುಗುವುದು), ಇಪ್ಪತ್ತೆಂಟು ವರ್ಷದ ಅಭ್ಯಾಸ. ಈಗ ಭಾರದ ಒಂದು ಪಾಲು ಸೋತ ಎಡಗಾಲಿನ ಬೆರಳುಗಳ ಮೇಲೆ ಹೋಗುತ್ತದೆ, ವಾಲದೆ ಏನಾಗುತ್ತದೆ? ಫಿಸಿಯೋ ಅವರು ಹೇಳಿದ ಅಗಲವಾದ ತಿರುವಿಗೂ ನಮ್ಮಲ್ಲಿ ಆದೇಶವಿದೆ. "ನಿಧಾನ ಸುತ್ತಿ ಬಾ ಅಪ್ಪಾ" ಎನ್ನುವ ಬದಲು "ದಾಹಿನೇ ಘೂಮ್" (ಬಲಕ್ಕೆ ಸುತ್ತಿ ಬಾ) ಅಥವಾ "ಬಾಯೇಂ ಘೂಮ್" (ಎಡಕ್ಕೆ) ಎಂದು ಹೇಳಿ ನೋಡಿ. ಬಲಕ್ಕೋ ಎಡಕ್ಕೋ ಎಂಬುದನ್ನು ಪಾಲಿಕ್ಲಿನಿಕ್ಕಿನಲ್ಲಿ ಕೇಳಿಕೊಳ್ಳಿ.

ಮಲಪ್ರಭಾ_ಬೈಲಹೊಂಗಲ

ಈಗಷ್ಟೇ ನೋಡಿದೆ. ಹೌದು, ಹಿಮ್ಮಡಿಯ ಮೇಲೇ ತಿರುಗುತ್ತಿದ್ದಾರೆ. ತಿರುಗಿ ಮುಗಿದ ಮೇಲೆ ಎಡಗಾಲನ್ನು ಬಲಗಾಲಿನ ಪಕ್ಕಕ್ಕೆ ತಂದು ಸಾವಧಾನ್ ನಿಲ್ಲಲೂ ನೋಡುತ್ತಾರೆ.